ಒಂಬತ್ತು ಕೋರ್ಟು ದಿನ

ಸ್ಟಾಕ್ಟನ್ ಕೋರ್ಟಿನ ಎರಡನೇ ಮಹಡಿ, ಏಳನೇ ಕಿಟಕಿ.
ಗಾಜಿಗೆ ಅಂಟಿಸಿದ ಬೋರ್ಡು ನನ್ನ ಕಡೆಯಿಂದ ತಿರುಗಾಮುರುಗಾ:
ಮಾಹಿತಿ ಕೊಡುತ್ತೇವೆ. ಸಲಹೆ ಕೊಡುವುದಿಲ್ಲ.
ಹನ್ನೊಂದು ವರ್ಷದಿಂದ ಆ ಎರಡು ವಾಕ್ಯಗಳ ನಡುವಿನ
ಚುಕ್ಕೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ.

ಫೆಬ್ರುವರಿ ಹನ್ನೊಂದು, ಬುಧವಾರ, ಮೂರೂ ಇಪ್ಪತ್ತು.
ರೆಮೆಡಿಯೋಸ್ ಅಬುಯೇವಾ, ಎಪ್ಪತ್ತು ದಾಟಿದವರು,
ಅಕ್ಕಿ ಚೀಲದಲ್ಲಿ ಕಾಗದ ಸುತ್ತಿ ತಂದಿದ್ದಾರೆ.
ಕಣಿವೆಯ ಮಂಜು ಕನ್ನಡಕದಿಂದ ಇನ್ನೂ ಇಳಿದಿಲ್ಲ.
ಅವರ ಹೆಸರಿಗೆ ಪರಿಹಾರವೆಂದೇ ಅರ್ಥವಂತೆ.
ನಾನು ಕೇಳಿರಲಿಲ್ಲ, ಅವರೇ ಹೇಳಿದರು.

ಕೇಸು ಸಣ್ಣದು. ಮನೆ ಸಾಮಾನು ಸಾಗಿಸುವ ಕಂಪನಿ
ತೀರಿಹೋದ ಗಂಡನ ಪೆಟ್ಟಿಗೆಯನ್ನು ಎಲ್ಲೋ ಇಳಿಸಿ ಮರೆತಿದೆ.
ಹಡಗಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬೆಂದವನ
ಆರು ಚಾಕು, ಒಂದು ಸಾಣೆಕಲ್ಲು.
ವಕೀಲರು ಇಲ್ಲವೆನ್ನಲಿಲ್ಲ. ಡಿಮರರ್ ಹಾಕಿದರು.
ಅದನ್ನು ಕನ್ನಡಕ್ಕೆ ಇಳಿಸಿದರೆ ಇಷ್ಟೇ:
ನೀವು ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಳ್ಳೋಣ.
ಆದರೇನು?

ಈ ಆದರೇನಿಗೆ ಆಕ್ಷೇಪಣೆ ಬರೆಯಬೇಕು.
ಎಡಗಡೆ ಒಂದರಿಂದ ಇಪ್ಪತ್ತೆಂಟು ಅಚ್ಚಾದ ಹಾಳೆ;
ಅಳು ಬಂದರೂ ಎಷ್ಟನೇ ಸಾಲಿನಲ್ಲಿ ಬಂತೆಂದು
ಎದುರಿನವರು ಬೆರಳಿಟ್ಟು ತೋರಿಸಬಹುದು.
ವಾದ ಹದಿನೈದು ಪುಟ ಮೀರಬಾರದು. ಇವರದು ನಾಲ್ಕು.
ಬರೆಯದೆ ಬಿಟ್ಟರೆ?
ಮೌನಂ ಸಮ್ಮತಿ ಲಕ್ಷಣಂ ಅನ್ನುತ್ತಿದ್ದಳು ನಮ್ಮಜ್ಜಿ,
ಸಂಸ್ಕೃತ ಬಾರದವಳು, ಮದುವೆಗೆ ಯಾರೂ ಅವಳನ್ನು ಕೇಳದವಳು.

ವಿಚಾರಣೆ ಇಪ್ಪತ್ತೈದಕ್ಕೆ.
ಅಲ್ಲಿಂದ ಹಿಂದಕ್ಕೆ ಒಂಬತ್ತು ಕೋರ್ಟು ದಿನ.
ಹಿಂದಕ್ಕೆ, ಏಣಿ ಇಳಿಯುವವರ ಹಾಗೆ,
ಕಾಲಿನಿಂದ ಮೆಟ್ಟಿಲು ತಡಕುತ್ತಾ.
ಶನಿವಾರ ಮೆಟ್ಟಿಲಲ್ಲ. ಭಾನುವಾರ ಅಲ್ಲ.
ಹದಿನಾರು, ಅಧ್ಯಕ್ಷರ ಹೆಸರಿನ ರಜೆ. ಹನ್ನೆರಡು, ಲಿಂಕನ್ ಹುಟ್ಟಿದ ದಿನ.
ಇವರು ಆ ಎರಡರ ಮೇಲೂ ಕಾಲಿಟ್ಟಿದ್ದಾರೆ.
ಒಂದು ದಿನ ಮೊದಲೇ ಬಂದೆನೆಂಬ ಹೆಮ್ಮೆಯಲ್ಲಿ
ಒಂದು ದಿನ ತಡವಾಗಿ ಬಂದಿದ್ದಾರೆ.

ಸಾಲದ್ದಕ್ಕೆ, ಎದುರಿನವರಿಗೆ ಪ್ರತಿ ಕಳಿಸಿದ್ದು ಮೊಮ್ಮಗ.
ವಯಸ್ಸು? ಹದಿನೇಳು. ಮೇ ಬಂದರೆ ಹದಿನೆಂಟು.
ಹದಿನೆಂಟು ತುಂಬಿರಬೇಕು, ಅಮ್ಮಾ,
ಕೇಸಿನಲ್ಲಿ ಪಾಲಿಲ್ಲದವರಾಗಿರಬೇಕು.
ಹಿಂದೆ ನಿಂತಿದ್ದ ಟೈರು ಅಂಗಡಿಯವನು ಕೈ ಒರೆಸಿಕೊಂಡ:
ನಾನು ಯಾರ ಕಡೆಯೂ ಅಲ್ಲ. ಕೊಡಿ, ಇವತ್ತೇ ಕಳಿಸ್ತೀನಿ.
ಕಾನೂನಿಗೆ ಬೇಕಾದದ್ದು ಅಂಥವನೇ.

ಕಾಗದ ತಿರುವುವಾಗ ಓದಬಾರದು. ಓದಿದೆ.
ಪುಟ ನಾಲ್ಕು, ಸಾಲು ಹತ್ತೊಂಬತ್ತು:
ಆದರೇನು ಎಂದು ಕೇಳಿದ್ದಾರೆ.
ಪ್ರತಿ ಭಾನುವಾರ ಅವನು ಆ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದ.
ಅದು.

ಒಬ್ಬ ವಕೀಲರ ಫೋನ್ ನಂಬರು, ಸಾಯಂಕಾಲ ಪುಕ್ಕಟೆ ಕೂರುವವರು,
ನಾಲಿಗೆಯ ತುದಿಗೆ ಬಂತು. ಅದು ಮಾಹಿತಿಯೋ ಸಲಹೆಯೋ?
ಚೀಟಿಯಲ್ಲಿ ಬರೆದು ಗಾಜಿನ ಕೆಳಗೆ ತಳ್ಳಿದೆ.
ನನಗೂ ಒಬ್ಬ ಹೇಳಿದ್ದ, ಊಟದ ಮೇಜಿನಾಚೆಯಿಂದ:
ನೀನು ಹೇಳೋದೆಲ್ಲ ನಿಜ, ಆದರೇನು?
ನಾನು ತಟ್ಟೆ ತೆಗೆದೆ. ಮೇಜು ಒರೆಸಿದೆ.
ರಜೆಗಳನ್ನೆಲ್ಲ ಬಿಟ್ಟು ಎಣಿಸಿದರೂ
ಸಾವಿರದ ಮೇಲಾಯಿತು ಕೋರ್ಟು ದಿನ.

ತಡವಾಯಿತಾ? ಗಾಜಿನ ತೂತಿಗೆ ಬಾಯಿ ತಂದು ಕೇಳಿದರು.

ಒಂದು ದಿನ, ಅಂದೆ. ಆದರೆ ನಿಯಮ ಹೀಗಿದೆ:
ತಡವೆಂಬ ಕಾರಣಕ್ಕೆ ಯಾವ ಕಾಗದವನ್ನೂ
ಈ ಕಿಟಕಿಯಿಂದ ಹಿಂದಿರುಗಿಸುವ ಹಾಗಿಲ್ಲ.
ಗಣನೆಗೆ ತಗೊಳ್ಳೋದು ಬಿಡೋದು ನ್ಯಾಯಾಧೀಶರ ಇಷ್ಟ.
ಬಿಟ್ಟರೆ, ಬಿಟ್ಟೆವೆಂದು ಅವರು ಬರೆದಿಡಲೇಬೇಕು.

ಇದು ಸಲಹೆಯಲ್ಲ.

ಮೊಹರಿನ ಶಾಯಿ ಒಣಗಿತ್ತು. ಎರಡು ಸಲ ಒತ್ತಿದೆ,
ಎರಡನೆಯದು ಬೇಕಾದದ್ದಕ್ಕಿಂತ ಜೋರಾಗಿ.
ಪಕ್ಕದ ಕಿಟಕಿಯವಳು ತಿರುಗಿ ನೋಡಿದಳು.

ಮುಂದಿನವರು ಬನ್ನಿ.